ಎಣಿಕೆಗಿಂತ ಸಭಾಧ್ಯಕ್ಷರ ಪೀಠವೇ ದೊಡ್ಡ ಚಿಂತೆ

ಮತದಾನ ಮುಗಿದ ರಾತ್ರಿಯೇ ಗೆದ್ದವರ ಹೆಸರು ತಿಳಿಯದಿದ್ದರೆ ಎಣಿಕೆಯಲ್ಲಿ ಏನೋ ಮಸಲತ್ತು ನಡೆದಿದೆ ಎಂದು ಶಂಕಿಸುವ ಅಭ್ಯಾಸ ಈಗ ಎಲ್ಲೆಡೆ ಹಬ್ಬಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಕೂದಲೆಳೆಯ ಅಂತರದಲ್ಲಿ ತೀರ್ಮಾನವಾದ ಎರಡು ಚುನಾವಣೆಗಳನ್ನು ನೋಡಿದರೆ, ತಡವಾದ ಎಣಿಕೆ ಅಲ್ಲಿನ ವ್ಯವಸ್ಥೆಯ ಗಟ್ಟಿತನವನ್ನೇ ತೋರಿಸಿದೆ ಎಂದು ನನಗನ್ನಿಸುತ್ತದೆ. ದೌರ್ಬಲ್ಯವಿರುವುದು ಬೇರೆಡೆ.

2017ರ ಮೇ 9ರ ರಾತ್ರಿ 87 ಸ್ಥಾನಗಳ ಪೈಕಿ ಪ್ರೀಮಿಯರ್ (ಪ್ರಾಂತ್ಯದ ಮುಖ್ಯಮಂತ್ರಿ) ಕ್ರಿಸ್ಟಿ ಕ್ಲಾರ್ಕ್ ಅವರ ಲಿಬರಲ್ ಪಕ್ಷ 43ರಲ್ಲಿ, ಜಾನ್ ಹೋರ್ಗನ್ ಅವರ ನ್ಯೂ ಡೆಮಾಕ್ರಟಿಕ್ ಪಕ್ಷ 41ರಲ್ಲಿ, ಗ್ರೀನ್ ಪಕ್ಷ 3ರಲ್ಲಿ ಮುಂದಿದ್ದವು. (ಹೆಸರು ಒಂದೇ ಆದರೂ ಈ ಲಿಬರಲ್ ಪಕ್ಷಕ್ಕೂ ಜಸ್ಟಿನ್ ಟ್ರೂಡೊ ಅವರ ಪಕ್ಷಕ್ಕೂ ಸಂಬಂಧವಿರಲಿಲ್ಲ, ಇದು ಬಲಕ್ಕೆ ವಾಲಿದ ಪಕ್ಷ.) ವ್ಯಾಂಕೂವರ್ ದ್ವೀಪದ ಕೋರ್ಟ್ನಿ-ಕೊಮಾಕ್ಸ್ ಕ್ಷೇತ್ರದಲ್ಲಿ ನ್ಯೂ ಡೆಮಾಕ್ರಟಿಕ್ ಅಭ್ಯರ್ಥಿಗಿದ್ದ ಮುನ್ನಡೆ ಕೇವಲ 9 ಮತ. ಅದೊಂದು ಕೈತಪ್ಪಿದ್ದರೆ ಲಿಬರಲ್ ಪಕ್ಷ 44ಕ್ಕೆ ಏರಿ ಸ್ಪಷ್ಟ ಬಹುಮತ ಪಡೆಯುತ್ತಿತ್ತು. ಆದರೆ ಮತದಾರರು ತಮ್ಮ ಕ್ಷೇತ್ರದ ಹೊರಗೂ ಮತ ಹಾಕಬಹುದಾದ್ದರಿಂದ, ಆ ಮತಗಳು ಸ್ವಕ್ಷೇತ್ರಕ್ಕೆ ತಲುಪಿ, ಒಬ್ಬರೇ ಎರಡು ಬಾರಿ ಮತ ಹಾಕಿಲ್ಲವೆಂದು ಖಚಿತವಾಗುವವರೆಗೆ ಎಣಿಸುವಂತಿರಲಿಲ್ಲ. ಪ್ರಾಂತ್ಯವಿಡೀ ಎರಡು ವಾರ ಕಾಯಿತು. ಕೊನೆಗೆ ಅಂತರ 189ಕ್ಕೆ ಏರಿತು, ಸ್ಥಾನಗಳ ಲೆಕ್ಕ ಬದಲಾಗಲಿಲ್ಲ.

ನಂತರದ ನಡೆಗಳು ಇನ್ನೂ ಕುತೂಹಲಕರವಾಗಿವೆ. ಹೋರ್ಗನ್ ಅವರಿಗೆ ಬೆಂಬಲ ನೀಡಲು ಗ್ರೀನ್ ಪಕ್ಷ ಲಿಖಿತ ಒಪ್ಪಂದ ಮಾಡಿಕೊಂಡ ಮೇಲೂ ಕ್ಲಾರ್ಕ್ ರಾಜೀನಾಮೆ ಕೊಡದೆ, ತಮ್ಮ ಎದುರಾಳಿಗಳ ಪ್ರಣಾಳಿಕೆಯ ಭರವಸೆಗಳನ್ನೇ ಎತ್ತಿಕೊಂಡು ಸದನದ ಮುಂದಿಟ್ಟರು, ಇದು ತೀರಾ ಹತಾಶೆಯ ನಡೆಯಾಗಿತ್ತು. ಜೂನ್ 29ರಂದು ವಿಶ್ವಾಸಮತದಲ್ಲಿ 44-42ರಿಂದ (ಸಭಾಧ್ಯಕ್ಷರು ಲಿಬರಲ್ ಪಕ್ಷದವರೇ ಆಗಿದ್ದರಿಂದ ಅವರಿಗೆ ಒಂದು ಮತ ಕಡಿಮೆ) ಸೋತ ಕ್ಲಾರ್ಕ್ ವಿಧಾನಸಭೆಯನ್ನು ವಿಸರ್ಜಿಸಿ ಮರುಚುನಾವಣೆ ನಡೆಸುವಂತೆ ಕೇಳಿದಾಗ ನಮ್ಮ ರಾಜ್ಯಪಾಲರಂತಿರುವ ಲೆಫ್ಟಿನೆಂಟ್ ಗವರ್ನರ್ ಹುದ್ದೆಯಲ್ಲಿದ್ದ ಜೂಡಿತ್ ಗಿಶಾನ್ ನಿರಾಕರಿಸಿ, ಹೋರ್ಗನ್ ಅವರನ್ನು ಸರ್ಕಾರ ರಚಿಸಲು ಕರೆದರು. ಆಗಷ್ಟೇ ಆಯ್ಕೆಯಾದ ಸದನದಲ್ಲಿ ಪರ್ಯಾಯ ಸರ್ಕಾರ ಸಾಧ್ಯವಿರುವಾಗ ಜನರನ್ನು ಮತ್ತೆ ಮತಗಟ್ಟೆಗೆ ಎಳೆಯುವುದು ತಪ್ಪಾಗುತ್ತಿತ್ತು. ಹದಿನಾರು ವರ್ಷಗಳ ಲಿಬರಲ್ ಆಡಳಿತ ಹೀಗೆ ಸದನದೊಳಗೇ ಕೊನೆಗೊಂಡದ್ದು ನ್ಯಾಯವೇ.

ಆದರೆ ಕ್ಲಾರ್ಕ್ ಎತ್ತಿದ್ದ ಒಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸಭಾಧ್ಯಕ್ಷರು ಸಮಬಲವಾದಾಗ ಮಾತ್ರ ಮತ ಹಾಕುವುದರಿಂದ, ಹೊಸ ಮೈತ್ರಿಯೇ ಸಭಾಧ್ಯಕ್ಷರನ್ನು ಕೊಟ್ಟಿದ್ದರೆ ಸದನದಲ್ಲಿ 43-43 ಉಳಿದು, ಪ್ರತಿ ಬಾರಿಯೂ ಪಕ್ಷಾತೀತವಾಗಿರಬೇಕಾದ ಸಭಾಧ್ಯಕ್ಷರ ನಿರ್ಣಾಯಕ ಮತವೇ ಸರ್ಕಾರವನ್ನು ಹೊರಬೇಕಾಗುತ್ತಿತ್ತು. ಲಿಬರಲ್ ಶಾಸಕ ಡ್ಯಾರಿಲ್ ಪ್ಲೇಕಸ್ ಸೆಪ್ಟೆಂಬರ್‌ನಲ್ಲಿ ಆ ಪೀಠವನ್ನೊಪ್ಪಿಕೊಂಡು ಪಕ್ಷದಿಂದ ಉಚ್ಚಾಟಿತರಾದದ್ದರಿಂದ ಆ ಸಂಕಟ ತಪ್ಪಿತಷ್ಟೆ. ಅದು ವ್ಯವಸ್ಥೆಯ ಗುಣವಲ್ಲ, ಒಬ್ಬ ವ್ಯಕ್ತಿಯ ನಿರ್ಧಾರ.

2024ರಲ್ಲಿ ಅಂಥ ಅದೃಷ್ಟ ಒದಗಲಿಲ್ಲ. ಅಕ್ಟೋಬರ್ 19ರ ಚುನಾವಣೆಯ ರಾತ್ರಿ ಸರ್ರೆ-ಗಿಲ್ಡ್‌ಫರ್ಡ್ ಕ್ಷೇತ್ರದಲ್ಲಿ ನ್ಯೂ ಡೆಮಾಕ್ರಟಿಕ್ ಪಕ್ಷದ ಗ್ಯಾರಿ ಬೆಗ್ ಹಿಂದಿದ್ದರು. ಉಳಿದ ಮತಗಳ ಎಣಿಕೆಯಲ್ಲಿ ಅವರು 27 ಮತಗಳಿಂದ ಮುಂದಾದರು, ನ್ಯಾಯಾಲಯದ ಮರುಎಣಿಕೆಯಲ್ಲಿ ಅಂತರ 22ಕ್ಕೆ ನಿಂತಿತು. ಅದರಿಂದಲೇ ಆಗ ಪ್ರೀಮಿಯರ್ ಆಗಿದ್ದ ಡೇವಿಡ್ ಈಬಿ ಅವರ ಈ ಪಕ್ಷಕ್ಕೆ 93ರಲ್ಲಿ 47 ಸ್ಥಾನ ಸಿಕ್ಕಿತು. ಅವರಲ್ಲೇ ಒಬ್ಬರಾದ, ಪಂಜಾಬ್ ಮೂಲದ ರಾಜ್ ಚೌಹಾಣ್ ಸಭಾಧ್ಯಕ್ಷರಾಗಿ ಮುಂದುವರಿದುದರಿಂದ ಸದನದಲ್ಲಿ ಆಡಳಿತ ಪಕ್ಷ ಮತ್ತು ಉಳಿದೆಲ್ಲರ ಬಲ 46-46 ಆಯಿತು. ಸಮಬಲವಾದಾಗ ಸಭಾಧ್ಯಕ್ಷರು ಇದ್ದ ಸ್ಥಿತಿಯನ್ನು ಉಳಿಸುವಂತೆ ಮತ ಹಾಕಬೇಕೆಂಬುದು ವೆಸ್ಟ್‌ಮಿನ್‌ಸ್ಟರ್ (ಬ್ರಿಟಿಷ್ ಸಂಸತ್ತಿನ) ಸಂಪ್ರದಾಯ. ಆದರೆ 2025ರ ಮೇ ತಿಂಗಳಲ್ಲಿ, ಮೂಲನಿವಾಸಿ ನಾಯಕರು ವಿರೋಧಿಸಿದ್ದ, ಕಾಮಗಾರಿಗಳಿಗೆ ತ್ವರಿತ ಅನುಮತಿ ನೀಡುವ ಮಸೂದೆಗೆ ಗ್ರೀನ್ ಸದಸ್ಯರೂ ಎದುರಾಗಿ ಮತ ಹಾಕಿದಾಗ, ಅದು ಅಂಗೀಕಾರವಾದದ್ದು ಚೌಹಾಣ್ ಅವರ ಒಂದು ಮತದಿಂದ.