ನಾಲ್ಕು ಸೆಕೆಂಡಿನಲ್ಲಿ ಕಾರ್ಯಪ್ಪ

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಬಗ್ಗೆ ಓದಿ ಮುಗಿಸಲು ಎಷ್ಟು ಹೊತ್ತು ಬೇಕು? ನಾಲ್ಕು ಸೆಕೆಂಡು ಸಾಕಂತೆ. ಇವತ್ತು ಮಡಿಕೇರಿಯ ಒಂದು ಪ್ರದರ್ಶನದಲ್ಲಿ ಹಾಗಂತ ಟಿವಿಯೇ ತೀರ್ಮಾನ ಮಾಡಿತ್ತು.

ಸಭಾಂಗಣದ ಬಾಗಿಲಲ್ಲಿ ದೊಡ್ಡ ಟಿವಿ, ಅದರ ಹಿಂದೆ ಲ್ಯಾಪ್‌ಟಾಪ್. ಪಕ್ಕದಲ್ಲಿ ಒಂದು ನರಪಿಳ್ಳೆ ಇಲ್ಲ. ಸ್ಲೈಡುಗಳು ತಾವೇ ಓಡುತ್ತಿದ್ದವು. ಕಾಫಿ ಹೂವು, ಪುತ್ತರಿ ಕದಿರು, ತಲಕಾವೇರಿ, ಆಮೇಲೆ ಕಾರ್ಯಪ್ಪ. ಒಂದೇ ಸ್ಲೈಡಿನಲ್ಲಿ ಹದಿನಾಲ್ಕು ಸಾಲು! ನನ್ನ ಮುಂದೆ ಒಬ್ಬರು ಅಜ್ಜಿ ಮೊಮ್ಮಗನಿಗೆ ಓದಿ ಹೇಳುತ್ತಿದ್ದರು. ‘1899ರ ಜನವರಿ 28ರಂದು...’ ಅಷ್ಟರಲ್ಲಿ ಜನರಲ್ ತಿಮ್ಮಯ್ಯ ಬಂದಾಯಿತು. ‘ಇರು ಮಗ, ಮತ್ತೆ ಬರ್ತದೆ’ ಅಂದರು. ಬರಲಿಲ್ಲ. ಕೊನೆಯ ಸ್ಲೈಡು ಮುಗಿದು ಪರದೆ ಪೂರ್ತಿ ಕಪ್ಪಾಯಿತು. ಮೇಲ್ಗಡೆ ಸಣ್ಣ ಇಂಗ್ಲಿಷ್ ಅಕ್ಷರ: ಶೋ ಮುಗಿಯಿತು, ಹೊರಹೋಗಲು ಕ್ಲಿಕ್ ಮಾಡಿ. ಯಾರು ಕ್ಲಿಕ್ ಮಾಡಬೇಕು? ಅಜ್ಜಿಯಾ?

1949ರ ಜನವರಿ 15ರಂದು ಕಾರ್ಯಪ್ಪನವರು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು, ಸೇನಾ ದಿನ ಆಚರಿಸುವುದು ಅದಕ್ಕೇ. ಈ ಸಾಲು ಎಲ್ಲಿತ್ತು ಗೊತ್ತಾ? ಹನ್ನೊಂದನೆಯದಾಗಿ. ಸಂಘಟಕರ ಹುಡುಗನನ್ನು ಹಿಡಿದು ಫೈಲು ತೆಗೆಸಿ ನೋಡಿದೆ. ಮೇಷ್ಟ್ರು ಕೆಲಸ ಬಿಟ್ಟರೂ ಕೆಂಪು ಪೆನ್ನು ಬಿಟ್ಟವನಲ್ಲ ನಾನು, ನಿಮಗೆಲ್ಲ ಗೊತ್ತೇ ಇದೆ.

‘ಆಫೀಸಲ್ಲಿ ಸರಿಯಾಗೇ ಓಡ್ತಿತ್ತು ಸಾರ್’ ಅಂದ ಹುಡುಗ. ಓಡದೆ ಏನು? ಆಫೀಸಲ್ಲಿ ಮಾಡಿದವರೇ ಮೌಸ್ ಹಿಡಿದು ಕೂತಿರುತ್ತಾರೆ. ಬರೆದದ್ದೂ ಅವರೇ, ಓದುವುದೂ ಅವರೇ. ಟಿವಿ ಮುಂದೆ ಹೊರಗಿನವರ ಹಾಗೆ ಒಂದು ಸಲ ನಿಂತು ನೋಡಿರುವುದಿಲ್ಲ. ನನ್ನ ತಕರಾರು ಇಷ್ಟೇ. ವೇದಿಕೆ ಮೇಲೆ ಮಾತಾಡುವವರ ಹಿಂದೆ ಓಡುವ ಸ್ಲೈಡು ಬೇರೆ, ಯಾರೂ ಇಲ್ಲದೆ ತಾನೇ ಓಡಬೇಕಾದ ಸ್ಲೈಡು ಬೇರೆ. ಮೊದಲನೆಯದಕ್ಕೆ ವಿವರಿಸಲು ಒಬ್ಬ ಮನುಷ್ಯ ಇರುತ್ತಾನೆ. ಎರಡನೆಯದಕ್ಕೆ ಯಾರಿದ್ದಾರೆ?

ಇದಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಪವರ್‌ಪಾಯಿಂಟ್‌ನಲ್ಲಿ ‘ಸೆಟಪ್ ಸ್ಲೈಡ್ ಶೋ’ ಒತ್ತಿದರೆ ಕಿಯೋಸ್ಕ್ ಅಂತ ಒಂದು ಆಯ್ಕೆ ಇದೆ. ಅದನ್ನು ಆರಿಸಿದರೆ ಎಸ್ಕೇಪ್ ಒತ್ತುವ ತನಕ ಶೋ ಮೊದಲಿನಿಂದ ಮತ್ತೆ ಮತ್ತೆ ಓಡುತ್ತದೆ. ದಾರಿಹೋಕರು ಮೌಸ್ ಕ್ಲಿಕ್ ಮಾಡಿದರೂ ಸ್ಲೈಡು ಮುಂದೆ ಹಾರುವುದಿಲ್ಲ. ಆದರೆ ಸ್ಲೈಡುಗಳಿಗೆ ಸಮಯ ಹಾಕದೆ ಇದೊಂದನ್ನೇ ಮಾಡಿದರೆ ಮೊದಲನೇ ಸ್ಲೈಡೇ ಸಂಜೆ ತನಕ ನಿಂತಿರುತ್ತದೆ, ಅದೂ ನೆನಪಿರಲಿ. ಎಲ್ಲಕ್ಕೂ ಒಂದೇ ಸಮಯ ಯಾಕೆ ಹಾಕುತ್ತೀರಿ ಮಾರಾಯ್ರೇ? ಕಾಫಿ ಹೂವಿನ ಫೋಟೋಗೆ ನಾಲ್ಕು ಸೆಕೆಂಡು ಜಾಸ್ತಿಯೇ ಆಯಿತು. ಕಾರ್ಯಪ್ಪನವರಿಗೆ ಅದು ಏನೂ ಅಲ್ಲ. ‘ರಿಹರ್ಸ್ ಟೈಮಿಂಗ್ಸ್’ ಇರುವುದೇ ಇದಕ್ಕೆ. ಅದನ್ನು ಒತ್ತಿ ಒಂದೊಂದೇ ಸ್ಲೈಡನ್ನು ನಿಧಾನವಾಗಿ, ಬಾಯಿಬಿಟ್ಟು ಓದುತ್ತಾ ಹೋಗಿ. ನೀವು ಎಷ್ಟು ಹೊತ್ತು ನಿಂತಿರೋ ಅಷ್ಟೇ ಹೊತ್ತನ್ನು ಅದು ಬರೆದಿಟ್ಟುಕೊಳ್ಳುತ್ತದೆ. ಬಾಯಿಬಿಟ್ಟು ಓದಿದರೆ ಹದಿನಾಲ್ಕು ಸಾಲು ಬರೆದವರಿಗೇ ಸುಸ್ತಾಗುತ್ತದೆ, ನಾಲ್ಕಕ್ಕೆ ತಾವೇ ಇಳಿಸುತ್ತಾರೆ.

ಇನ್ನು ಅಕ್ಷರದ ಕಥೆ. ಒಂದು ಸ್ಲೈಡಿನಲ್ಲಿ ಕನ್ನಡ ಬದಲು ಬರೀ ಗೀಚುಗಳು. ‘ನುಡಿ’ಯದೋ ‘ಬರಹ’ದ್ದೋ, ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶದ, ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ, ಈ ಲ್ಯಾಪ್‌ಟಾಪಿನಲ್ಲಿ ಆ ಫಾಂಟೇ ಇಲ್ಲ. ಎಲ್ಲ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣಿಸುವ ಯೂನಿಕೋಡ್ ಬಂದು ಯಾವ ಕಾಲವಾಯಿತು! ಅದೂ ಬೇಡ ಅಂದರೆ ಇಡೀ ಶೋವನ್ನು ವಿಡಿಯೋ ಮಾಡಿ, ಪೆನ್‌ಡ್ರೈವಿಗೆ ಹಾಕಿ, ಟಿವಿಗೇ ಚುಚ್ಚಿ ರಿಪೀಟ್ ಕೊಡಿ. ಫಾಂಟಿನ ಚಿಂತೆ ಇಲ್ಲ, ನಡುವೆ ಅಪ್‌ಡೇಟ್ ಕೇಳುವ ಲ್ಯಾಪ್‌ಟಾಪೂ ಇಲ್ಲ. ನಮ್ಮೂರ ಕರೆಂಟು ಹೋಗಿ ಬಂದಾಗ ರಿಮೋಟ್ ಒತ್ತಲು ಒಬ್ಬರು ಬೇಕು, ಅಷ್ಟೇ. ಮಳೆಗಾಲದಲ್ಲಾದರೆ ಅವರು ಅಲ್ಲೇ ಚಾಪೆ ಹಾಸಬೇಕಾದೀತು.

ಸಂಗೀತ ಬೇರೆ ಹಾಕಿದ್ದರು. ಅರ್ಧ ನಿಮಿಷದ ವಾಲಗದ ತುಣುಕು, ಅದೇ ತಿರುಗಿ ತಿರುಗಿ. ಪಕ್ಕದಲ್ಲಿ ಜೇನು ಮಾರುತ್ತಿದ್ದ ಹುಡುಗನ ಮುಖ ನೋಡಬೇಕಿತ್ತು. ‘ಸಾರ್, ಇನ್ನು ನನ್ನ ಮದುವೆಗೂ ವಾಲಗ ಬೇಡ’ ಅಂದ.

‘ಪಾಪ, ಸಂಬಳವಿಲ್ಲದೆ ಮಾಡಿದ್ದಾರೆ, ತಪ್ಪು ಹುಡುಕಬೇಡಿ’ ಅಂತ ಸ್ನೇಹಿತರೊಬ್ಬರು ಅಲ್ಲೇ ಬುದ್ಧಿ ಹೇಳಿದರು. ಸರಿ ಸ್ವಾಮಿ. ಊಟದ ಪಂಕ್ತಿಯಲ್ಲೂ ಸಂಬಳವಿಲ್ಲದೆ ಬಡಿಸುತ್ತಾರೆ. ಹಾಗಂತ ಎಲೆ ಹಾಕಿ ನಾಲ್ಕು ಸೆಕೆಂಡಿಗೆ ಎತ್ತಿಬಿಡುತ್ತಾರಾ? ಇನ್ನೊಬ್ಬರು, ‘ಈಗ ಯಾರು ಓದ್ತಾರೆ, ಕ್ಯೂಆರ್ ಕೋಡ್ ಹಾಕಿದ್ದೇವಲ್ಲ’ ಅಂದರು. ಹಾಕಿದ್ದರು, ನಿಜ. ಅದಕ್ಕೂ ಅದೇ ನಾಲ್ಕು ಸೆಕೆಂಡು! ಜೇಬಿನಿಂದ ಫೋನು ತೆಗೆದು ಕ್ಯಾಮೆರಾ ತೆರೆಯುವಷ್ಟರಲ್ಲಿ ಪರದೆ ಮೇಲೆ ಅಬ್ಬಿ ಫಾಲ್ಸ್. ನೀರಿನ ಫೋಟೋ ಸ್ಕ್ಯಾನ್ ಮಾಡಿಕೊಂಡು ಬಂದೆ.

ಇಷ್ಟೊಂದು ಸಿಟ್ಟು ಯಾಕೆ ಅಂದರೆ, ಕಣ್ಣಿನ ಪೊರೆ ತೆಗೆಸಿದ ಮೇಲೆ ನಾನೂ ನಿಧಾನವಾಗಿಯೇ ಓದುವುದು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಈಗ ಇಲ್ಲಿ ಓದಿಕೊಳ್ಳಲಿ. ಅಜ್ಜಿಗಿಂತ ಎರಡು ಪದ ಹಿಂದೆ ಇದ್ದೆ.

ಅಷ್ಟು ಬರೆಯಲೇಬೇಕು ಅಂದರೆ ಫ್ಲೆಕ್ಸ್ ಮಾಡಿಸಿ ಗೋಡೆಗೆ ಕಟ್ಟಿ. ಅದು ಎಲ್ಲಿಗೂ ಓಡುವುದಿಲ್ಲ. ಟಿವಿಗೆ ಫೋಟೋ ಇರಲಿ, ಕೆಳಗೆ ಎರಡು ಸಾಲು ಇರಲಿ. ಹತ್ತು ಹನ್ನೆರಡು ಸ್ಲೈಡು ಸಾಕು. ಒಮ್ಮೆ ತಪ್ಪಿದ್ದು ಮತ್ತೆ ಬರುವ ತನಕ ಕಾಲು ನೋಯಬಾರದಲ್ವಾ?

ಇದನ್ನು ಮಾಡಿದವರು ನನ್ನ ಸ್ನೇಹಿತರ ಪಟ್ಟಿಯಲ್ಲೇ ಇದ್ದೀರಿ ಅಂತ ಗೊತ್ತು. ಇನ್‌ಬಾಕ್ಸಿಗೆ ಬಂದು ಬೈಯಿರಿ, ಬೇಜಾರಿಲ್ಲ. ಬರುವಾಗ ಫೈಲನ್ನೂ ಕಳಿಸಿ, ಪ್ರದರ್ಶನ ನಾಳೆಯೂ ಇದೆ. ಸಮಯ ನಾನೇ ಹಾಕಿಕೊಡುತ್ತೇನೆ. ವಾಲಗ ಮಾತ್ರ ತೆಗೆಯುತ್ತೇನೆ.