ಉಣ್ಣೆಯನ್ನು ಕೈಯಲ್ಲೇ ಫೆಲ್ಟ್ ಮಾಡುವ ಶ್ರಮ ಸಾರ್ಥಕವೇ?

ಪರ

ಮಗ್ಗ ಬೇಡ, ನೂಲು ಬೇಡ. ಚೆನ್ನಾಗಿ ಹಿಂಜಿದ ಉಣ್ಣೆ, ಬಿಸಿನೀರು, ಒಂಚೂರು ಸೋಪು ಇದ್ದರೆ ಫೆಲ್ಟ್, ಅಂದರೆ ನೇಯದೆ ಎಳೆಗಳನ್ನೇ ಒತ್ತಿ ಕೂಡಿಸಿದ ದಪ್ಪ ಬಟ್ಟೆ, ಆಗುತ್ತದೆ. ಉಣ್ಣೆಯ ಪ್ರತಿ ಎಳೆಯ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಬಿಸಿ ಸೋಪುನೀರು ತಾಗಿದಾಗ ಅವು ಮೇಲೇಳುತ್ತವೆ, ಉಜ್ಜುತ್ತಾ ಹೋದಂತೆ ಎಳೆಗಳು ಒಂದರೊಳಗೊಂದು ನುಸುಳಿ ಕಚ್ಚಿಕೊಳ್ಳುತ್ತವೆ, ಆಮೇಲೆ ಎಷ್ಟೇ ಎಳೆದಾಡಿದರೂ ಬಿಡಿಸಲು ಆಗುವುದಿಲ್ಲ. ಹಾಗಾಗಿಯೇ ಫೆಲ್ಟನ್ನು ಎಲ್ಲಿ ಕತ್ತರಿಸಿದರೂ ಅಂಚು ಬಿಚ್ಚುವುದಿಲ್ಲ.

ಇದರಲ್ಲಿ ಕೈಯ ಹೆಚ್ಚುಗಾರಿಕೆ ಏನು ಅಂತ ಕೇಳುತ್ತಾರೆ. ಉಣ್ಣೆಯನ್ನು ತೆಳ್ಳಗೆ ಒಂದು ಪದರ ಅಡ್ಡ, ಒಂದು ಪದರ ಉದ್ದ ಹರಡಿದ ಮೇಲೆ ಮೊದಲಿಗೆ ಜೋರಾಗಿ ಉಜ್ಜುವ ಹಾಗೇ ಇಲ್ಲ. ಉಜ್ಜಿದರೆ ಪದರ ಜರುಗಿ ತೂತು ಬೀಳುತ್ತದೆ. ಅಂಗೈಯನ್ನು ಸುಮ್ನೆ ಮೇಲಿಟ್ಟು ಆಡಿಸಬೇಕು. ಸ್ವಲ್ಪ ಹೊತ್ತಿನ ನಂತರ ಎರಡು ಬೆರಳಲ್ಲಿ ಚಿವುಟಿ ಎತ್ತಿ ನೋಡಬೇಕು: ಬಿಡಿ ಎಳೆ ಎದ್ದು ಬಂದರೆ ಇನ್ನೂ ಆಗಿಲ್ಲ, ಇಡೀ ಹಾಳೆಯೇ ಎದ್ದರೆ ಸುರುಳಿ ಸುತ್ತಿ ಒತ್ತಿ ಉರುಳಿಸಲು ಶುರು ಮಾಡಬಹುದು. ಎಲ್ಲಿ ತೆಳ್ಳಗಾಗಿದೆ, ಎಲ್ಲಿ ಇನ್ನೊಂದು ಚಿಟಿಕೆ ಉಣ್ಣೆ ಬೇಕು ಅನ್ನುವುದು ಬೆರಳಿಗೇ ಗೊತ್ತಾಗುತ್ತದೆ. ಹೊಲಿಗೆಯೇ ಇಲ್ಲದ ಟೋಪಿ, ಬೂಟುಗಳನ್ನು ಹೀಗೆ ಒಂದೇ ತುಂಡಾಗಿ ಮಾಡುತ್ತಾರೆ.

ಇನ್ನು ಉಣ್ಣೆಯ ಗುಣ. ತನ್ನ ತೂಕದ ಸುಮಾರು 30% ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಬೆಂಕಿ ಬೇಗ ಹಿಡಿಯುವುದಿಲ್ಲ. ಸವೆದು ಹೋದ ಮೇಲೆ ಮಣ್ಣಲ್ಲಿ ಕರಗುತ್ತದೆ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಎಳೆಯ ಹಾಸು ಹಾಗೆ ಕರಗುವುದಿಲ್ಲ, ಅಲ್ವಾ? ಸೈಬೀರಿಯಾದ ಪಜಿರಿಕ್ ಗೋರಿಗಳಲ್ಲಿ ಸಿಕ್ಕ ಫೆಲ್ಟ್ ಚಿತ್ತಾರಗಳಿಗೆ ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ವಯಸ್ಸು, ಬಣ್ಣ ಇನ್ನೂ ಕಾಣುತ್ತದೆ.

ವಿರೋಧ

ಪಜಿರಿಕ್ ಫೆಲ್ಟನ್ನು ಉಳಿಸಿದ್ದು ಗೋರಿಯೊಳಗೆ ಹೆಪ್ಪುಗಟ್ಟಿದ ಮಂಜುಗಡ್ಡೆ. ಬೀರುವಿನಲ್ಲಿಟ್ಟ ಫೆಲ್ಟಿಗೆ ನುಸಿ ಹಿಡಿಯುತ್ತದೆ, ಅದರ ಮರಿಹುಳುಗಳಿಗೆ ಉಣ್ಣೆಯೇ ಊಟ. ಬಿಸಿನೀರಲ್ಲಿ ತಿರುವಿ ಒಗೆದರೆ ಇನ್ನಷ್ಟು ಕುಗ್ಗುತ್ತದೆ.

ತೇವ, ಬೆಂಕಿ, ಮಣ್ಣು ಅಂತ ಹೇಳಿದ್ದೆಲ್ಲ ನಿಜ, ಆದರೆ ಅವು ಉಣ್ಣೆಯ ಗುಣಗಳು, ಕೈಕೆಲಸದ್ದಲ್ಲ. ಕಚ್ಚು ಇರುವ ಸೂಜಿಗಳ ಯಂತ್ರವೂ ಅದೇ ಉಣ್ಣೆಯನ್ನು ಚುಚ್ಚಿ ಚುಚ್ಚಿ ಫೆಲ್ಟ್ ಮಾಡುತ್ತದೆ, ದಪ್ಪವೂ ಎಲ್ಲ ಕಡೆ ಒಂದೇ ಸಮ. ಹೊಲಿಗೆಯಿಲ್ಲದ ಟೋಪಿ ಕಾರ್ಖಾನೆಯಲ್ಲೂ ತಯಾರಾಗುತ್ತದೆ. ಸಹಜ ಅಂದ ಮಾತ್ರಕ್ಕೆ ಪರಿಸರಕ್ಕೆ ಹೊರೆಯೇ ಇಲ್ಲ ಅಂತಲೂ ಅಲ್ಲ, ಕುರಿಗಳು ಮೀಥೇನ್ ಬಿಡುತ್ತವೆ, ಅವಕ್ಕೆ ಮೇವಿನ ಜಾಗ ಬೇಕು.

ನನ್ನನ್ನು ಜಾಸ್ತಿ ಕಾಡುವುದು ದುಡಿಯುವವರ ಪಾಡು. ಕಿರ್ಗಿಸ್ತಾನದ ಅಲಾ-ಕಿಯಿಜ್ ಮತ್ತು ಶಿರ್ದಕ್ ಫೆಲ್ಟ್ ಹಾಸುಗಳನ್ನು ಯುನೆಸ್ಕೊ 2012ರಲ್ಲಿ ತುರ್ತಾಗಿ ಉಳಿಸಬೇಕಾದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಗ್ಗದ ಸಿಂಥೆಟಿಕ್ ಹಾಸು ಎಲ್ಲೆಡೆ ಬಂದಿದೆ, ಹೊಸ ತಲೆಮಾರಿಗೆ ಇದು ಬೇಡವಾಗಿದೆ. ಅವರನ್ನು ದೂರುವುದು ತಪ್ಪು. ನೀರು ಕುಡಿದ ಉಣ್ಣೆಯ ಸುರುಳಿ ಎಷ್ಟು ಭಾರ ಗೊತ್ತಾ? ಅದನ್ನು ಗಂಟೆಗಟ್ಟಲೆ ಉರುಳಿಸಿದರೆ ಭುಜ, ಸೊಂಟ ಎರಡೂ ಹಿಡಿದುಕೊಳ್ಳುತ್ತವೆ. ಕೊಳ್ಳುವವರು ಆ ಗಂಟೆಗಳನ್ನು ಲೆಕ್ಕ ಹಾಕಿ ದುಡ್ಡು ಕೊಡುವುದಿಲ್ಲ, ಕೈಕೆಲಸ ಅಂತ ಬಾಯ್ತುಂಬ ಹೊಗಳಿ ಚೌಕಾಸಿಗೆ ಇಳಿಯುತ್ತಾರೆ. ಕುರ್ಚಿಯ ಮೆತ್ತೆಗೆ, ಬೂಟಿನ ಒಳಹಾಸಿಗೆ ಯಂತ್ರದ ಉಣ್ಣೆ ಫೆಲ್ಟೇ ಸಾಕು. ಚಿತ್ತಾರದ ಹಾಸು ಕೈಯಲ್ಲೇ ಆಗಬೇಕು ಅನ್ನುವವರು ಪೂರ್ತಿ ಕೂಲಿ ಕೊಟ್ಟು ಮಾಡಿಸಿಕೊಳ್ಳಲಿ.