ಕಾಲು ಮಾತ್ರೆಯ ಲೆಕ್ಕ

ಸೋಮವಾರಪೇಟೆಯಲ್ಲಿರುವ ನನ್ನ ತಮ್ಮನ ಮನೆಯ ಕ್ಯಾಲೆಂಡರಿನಲ್ಲಿ ವಾರಕ್ಕೆ ನಾಲ್ಕು ದಿನಗಳ ಸುತ್ತ ಕೆಂಪು ಪೆನ್ನಿನ ಗುರುತು ಇರುತ್ತದೆ. ಆ ದಿನಗಳಲ್ಲಿ, ಲ್ಯುಕೇಮಿಯಾ ಅಂದರೆ ರಕ್ತದ ಕ್ಯಾನ್ಸರ್ ಇರುವ ಅವನ ಏಳು ವರ್ಷದ ಮಗಳಿಗೆ 50 ಮಿಲಿಗ್ರಾಂನ ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆಯ ಕಾಲು ಭಾಗವನ್ನು ಕೊಡಬೇಕು. ಅಂದರೆ ಇಡೀ ವಾರಕ್ಕೆ ಒಂದೇ ಮಾತ್ರೆ. ಅವಳಷ್ಟೇ ತೂಕದ, ಅವಳದ್ದೇ ಕಾಯಿಲೆಯ ವಿರಾಜಪೇಟೆ ಕಡೆಯ ಹುಡುಗನೊಬ್ಬ ಪ್ರತಿದಿನವೂ ಹೆಚ್ಚು ಕಡಿಮೆ ಒಂದು ಮಾತ್ರೆ ತಿಂದು ಆರಾಮವಾಗಿ ಓಡಾಡಿಕೊಂಡಿದ್ದಾನೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ನಮಗೆ ತಿಳಿಯುವ ಹೊತ್ತಿಗೆ ಮಗು ಹನ್ನೊಂದು ದಿನ ಐಸಿಯುವಿನಲ್ಲಿ ಕಳೆದಾಗಿತ್ತು.

ಲ್ಯುಕೇಮಿಯಾ ಮತ್ತು ವಂಶವಾಹಿಯ ಮಾತು ಬಂದರೆ ನಮ್ಮಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟು ಕಟ್ಟಿಬಿಡುತ್ತೇವೆ. ಮೊದಲನೆಯದು ಕ್ಯಾನ್ಸರ್ ಕೋಶದೊಳಗೆ ಮಾತ್ರ ಆಗಿರುವ ಬದಲಾವಣೆ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಕಂಡ ಗಿಡ್ಡ ವರ್ಣತಂತು ಈ ಬಗೆಯದು. ಅದು 9 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾದ ಫಲ ಎಂದು 1973ರಲ್ಲಿ ಜೆನೆಟ್ ರೌಲಿ ತೋರಿಸಿದರು, ಆ ಅದಲುಬದಲಿನಿಂದ ಹುಟ್ಟಿದ ಪ್ರೋಟೀನನ್ನೇ ತಡೆಯುವ ಇಮ್ಯಾಟಿನಿಬ್ 2001ರಲ್ಲಿ ಬಂತು. ನಮ್ಮೂರಿನ ಹಿರಿಯರೊಬ್ಬರು ಆ ಮಾತ್ರೆಯನ್ನು ನುಂಗಿಕೊಂಡೇ ಇವತ್ತಿಗೂ ತೋಟಕ್ಕೆ ಹೋಗಿ ಕಪಾತು ಮಾಡಿಸುತ್ತಾರೆ. ಅದೇ ರೀತಿ, ತೀವ್ರ ಮೈಲಾಯ್ಡ್ ಲ್ಯುಕೇಮಿಯಾದ ಕೋಶಗಳಲ್ಲಿ ಟಿಪಿ53 ಎಂಬ ಜೀನ್ ಕೆಟ್ಟಿದ್ದರೆ ರೋಗಿ ಉಳಿಯುವ ಸಾಧ್ಯತೆ ತೀರ ಕಡಿಮೆ. 8 ಮತ್ತು 21ನೆಯ ವರ್ಣತಂತುಗಳ ಅದಲುಬದಲು ಇದ್ದರೆ ಆಶೆ ಇಟ್ಟುಕೊಳ್ಳಬಹುದು. ಇವು ಸಾಮಾನ್ಯವಾಗಿ ತಂದೆ ತಾಯಿಯಿಂದ ಬರುವಂಥವಲ್ಲ, ಮಕ್ಕಳಿಗೆ ಹೋಗುವಂಥವೂ ಅಲ್ಲ.

ಎರಡನೆಯದು ನಾವು ಹುಟ್ಟುವಾಗಲೇ ಮೈಯ ಎಲ್ಲ ಕೋಶಗಳಲ್ಲಿ ಹೊತ್ತು ತರುವ ಭೇದ. ಅದರಲ್ಲೂ ನಾನು ಹೇಳಹೊರಟಿರುವ ಭೇದಕ್ಕೂ ಕ್ಯಾನ್ಸರ್ ಬರುವುದಕ್ಕೂ ಸಂಬಂಧವಿಲ್ಲ. ಔಷಧಿಯನ್ನು ಮೈ ಹೇಗೆ ಅರಗಿಸಿಕೊಳ್ಳುತ್ತದೆ ಎಂಬುದನ್ನು ಅದು ನಿರ್ಧರಿಸುತ್ತದೆ, ಮಗುವಿನ ಉಳಿವು ಕೆಲವೊಮ್ಮೆ ಅಲ್ಲಿಯೇ ತೀರ್ಮಾನವಾಗುತ್ತದೆ.

ಮರ್ಕ್ಯಾಪ್ಟೊಪ್ಯೂರಿನ್ ಹಳೆಯ ಔಷಧಿ. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ರೂಪಿಸಿದ್ದು. 1953ರಿಂದ ಬಳಕೆಯಲ್ಲಿದೆ, ಆ ಬಗೆಯ ಕೆಲಸಗಳಿಗಾಗಿ ಅವರಿಗೆ 1988ರಲ್ಲಿ ನೊಬೆಲ್ ಬಂತು. ಮೈಯೊಳಗೆ ಇದು ರೂಪ ಬದಲಿಸಿಕೊಂಡು ಡಿಎನ್‌ಎ ಒಳಗೆ ಸೇರಿ ಕೋಶವನ್ನು ಕೊಲ್ಲುತ್ತದೆ. ಕ್ಯಾನ್ಸರ್ ಕೋಶಕ್ಕೆ ಅದು ಆಗಬೇಕಾದದ್ದೇ. ಆದರೆ ಮಜ್ಜೆಯ ಒಳ್ಳೆಯ ಕೋಶಗಳಿಗೂ ಅದೇ ಗತಿ ಆಗದಂತೆ ಟಿಪಿಎಂಟಿ ಮತ್ತು ಎನ್‌ಯುಡಿಟಿ15 ಎಂಬ ಎರಡು ಕಿಣ್ವಗಳು ಆ ವಿಷದ ಪ್ರಮಾಣವನ್ನು ಹಿಡಿತದಲ್ಲಿ ಇಟ್ಟಿರುತ್ತವೆ. ಟಿಪಿಎಂಟಿ ವಿಷಯ 1980ರಿಂದಲೇ ಗೊತ್ತಿತ್ತು, ಏಕೆಂದರೆ ಅದರ ದುರ್ಬಲ ರೂಪಗಳು ಯುರೋಪಿನ ಜನರಲ್ಲಿ ಹೆಚ್ಚು. ಎನ್‌ಯುಡಿಟಿ15 ಬೆಳಕಿಗೆ ಬಂದದ್ದು 2014ರಲ್ಲಿ, ಅದೂ ಕೊರಿಯಾದ ಕರುಳಿನ ಕಾಯಿಲೆಯ ರೋಗಿಗಳಿಂದ. ಮರುವರ್ಷ ಲ್ಯುಕೇಮಿಯಾದ ಮಕ್ಕಳಲ್ಲಿಯೂ ಅದೇ ಕಂಡುಬಂತು. ಇದರ ದುರ್ಬಲ ರೂಪಗಳು ಯುರೋಪಿನವರಲ್ಲಿ ಅಪರೂಪ, ಪೂರ್ವ ಏಷ್ಯಾದಲ್ಲಿಯೂ ನಮ್ಮ ದಕ್ಷಿಣ ಏಷ್ಯಾದಲ್ಲಿಯೂ ಸಾಮಾನ್ಯ. ತಂದೆ ತಾಯಿ ಇಬ್ಬರಿಂದಲೂ ಆ ರೂಪ ಬಂದ ಮಕ್ಕಳು ನಿಗದಿತ ಪ್ರಮಾಣದ ಶೇ 8ರಷ್ಟನ್ನು ಮಾತ್ರ ತಾಳಿಕೊಂಡರು ಎಂದು 2015ರ ಅಧ್ಯಯನ ಹೇಳಿತು.

ನಮ್ಮ ಮಗುವಿಗೆ ಚಿಕಿತ್ಸೆಯ ಎರಡನೇ ಹಂತದಲ್ಲಿ ಈ ಮಾತ್ರೆ ಆರಂಭವಾಯಿತು. ಅದಕ್ಕೆ ಮೊದಲು ಆಸ್ಪತ್ರೆಯವರು ಟಿಪಿಎಂಟಿ ಪರೀಕ್ಷೆ ಮಾಡಿಸಿದ್ದರು, ಅದು ಸರಿಯಾಗಿದೆ ಎಂದು ಬಂದಿತ್ತು, ನಾವೆಲ್ಲ ನಿಶ್ಚಿಂತರಾಗಿದ್ದೆವು. ಮೂರನೇ ವಾರದ ಒಂದು ಬೆಳಿಗ್ಗೆ, ಉಳಿದಿದ್ದ ಅಷ್ಟಿಷ್ಟು ಕೂದಲೂ ಬೇರುಸಹಿತ ಬಂದಂತೆ ದಿಂಬಿನ ಮೇಲೆ ಬಿದ್ದಿತ್ತು. ಕೀಮೋ ಅಂದಮೇಲೆ ಕೂದಲು ಹೋಗುವುದೇ ಎಂದು ನಾನೇ ನಾದಿನಿಗೆ ಸಮಾಧಾನ ಹೇಳಿದೆ. ಎನ್‌ಯುಡಿಟಿ15 ಕೊರತೆಯಿದ್ದವರಲ್ಲಿ ಹೀಗೆ ಒಮ್ಮೆಗೇ ಕೂದಲು ಉದುರುವುದು ಬಿಳಿ ರಕ್ತಕಣಗಳ ಕೌಂಟ್ ಕುಸಿಯುವುದರ ಜೊತೆಗಾರ ಎಂದು ಆಗ ಗೊತ್ತಿರಲಿಲ್ಲ. ಮಾರನೆಯ ದಿನ ಜ್ವರ. ಜುಲೈ ಮಳೆಯಲ್ಲಿ ಕುಶಾಲನಗರ ದಾಟಿ ಮೈಸೂರು ಮುಟ್ಟುವಷ್ಟರಲ್ಲಿ ಮಗು ಮಾತು ನಿಲ್ಲಿಸಿತ್ತು. ಬಿಳಿ ರಕ್ತಕಣಗಳು ಇನ್ನೂರೂ ಇರಲಿಲ್ಲ. ಬೇರೆ ಚುಚ್ಚುಮದ್ದುಗಳೂ ನಡೆಯುತ್ತಿದ್ದುದರಿಂದ ಮೊದಲ ಅನುಮಾನ ಅವುಗಳ ಮೇಲೆಯೇ ಹೋಯಿತು. ಕೊನೆಗೆ ಕಿರಿಯ ವೈದ್ಯೆಯೊಬ್ಬರು, "ಇನ್ನೊಂದು ಜೀನ್ ನೋಡಿಸೋಣ ಸಾರ್" ಎಂದು ನನ್ನ ತಮ್ಮನಿಗೆ ಹೇಳಿದರು.

ಮಗುವಿನ ಎನ್‌ಯುಡಿಟಿ15 ಜೀನಿನ ಎರಡೂ ಪ್ರತಿಗಳು ದುರ್ಬಲ ಎಂಬ ವರದಿ ಬಂದಾಗ ಮನೆಯಲ್ಲಿ ಎದ್ದ ಪ್ರಶ್ನೆ ಯಾವುದೆಂದು ಊಹಿಸುವುದು ಕಷ್ಟವಲ್ಲ: ಇದು ಯಾರ ಕಡೆಯಿಂದ ಬಂತು? ಇಬ್ಬರ ಕಡೆಯಿಂದಲೂ. ತಮ್ಮನೂ ನಾದಿನಿಯೂ ರಕ್ತಸಂಬಂಧಿಗಳಲ್ಲ. ಇಬ್ಬರೂ ಒಂದೊಂದು ಪ್ರತಿಯನ್ನು ಗೊತ್ತಿಲ್ಲದೆ ಇಟ್ಟುಕೊಂಡು ಈವರೆಗೆ ಒಂದು ನೆಗಡಿಯಷ್ಟೂ ತೊಂದರೆ ಪಟ್ಟವರಲ್ಲ. ಈ ಮಾತ್ರೆಯ ಸಂಪರ್ಕಕ್ಕೆ ಬರದಿದ್ದರೆ ಸಾಯುವವರೆಗೂ ಅದು ತಿಳಿಯುತ್ತಿರಲಿಲ್ಲ. ಸೋದರತ್ತೆಯಾಗಿ ನಾನು ಇದನ್ನು ನಾಲ್ಕು ಮದುವೆ ಮನೆಗಳಲ್ಲಿ ವಿವರಿಸಿದ್ದೇನೆ, ಎರಡು ಕಡೆ ಒಪ್ಪಿಕೊಂಡಿದ್ದಾರೆ.

ನನ್ನ ತಕರಾರು ಇರುವುದು ಪರೀಕ್ಷೆಗಳ ಪಟ್ಟಿಯ ಬಗ್ಗೆ. ಬೇರೆ ಖಂಡದ ಜನರ ಮೈಯನ್ನು ನೋಡಿ ಬರೆದ ಪಟ್ಟಿಯನ್ನು ಕೊಡಗಿನ ಮಗುವಿಗೆ ಹಾಗೆಯೇ ಅನ್ವಯಿಸಿ "ಎಲ್ಲ ಸರಿಯಿದೆ" ಎನ್ನುವುದು ಪರೀಕ್ಷೆಯೇ ಮಾಡದಿರುವುದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಎಚ್ಚರವನ್ನು ಕಳೆದುಬಿಡುತ್ತದೆ. ಔಷಧಿ ಹೆಚ್ಚಾದರೆ ಸೋಂಕಿನ ಅಪಾಯ. ಹೆದರಿ ಪೂರ್ತಿ ನಿಲ್ಲಿಸಿದರೆ ಅಡಗಿ ಕುಳಿತ ಕ್ಯಾನ್ಸರ್ ಕೋಶಗಳು ಮರಳುವ ಅಪಾಯ. ಈ ಎರಡರ ನಡುವಿನ ಅಳತೆಯನ್ನು ಮೊದಲ ಮಾತ್ರೆಗೆ ಮುಂಚೆಯೇ ತಿಳಿಸಬಲ್ಲ ಒಂದು ರಕ್ತಪರೀಕ್ಷೆ ಇರುವಾಗ, ಐಸಿಯುವಿನ ಒಂದು ದಿನದ ಬಿಲ್ಲನ್ನು ಕಂಡ ಯಾರೂ ಅದರ ಖರ್ಚಿನ ನೆಪ ಹೇಳಲಾರರು. ಜೀನ್ ವರದಿ ಜಾತಕವಲ್ಲ ಎಂಬುದೂ ನಿಜ. ಚಿಕಿತ್ಸೆಯ ಮೊದಲ ತಿಂಗಳ ಕೊನೆಗೆ ಮಜ್ಜೆಯಲ್ಲಿ ಎಷ್ಟು ರೋಗ ಉಳಿದಿದೆ ಎಂಬ ಲೆಕ್ಕ ಮಗುವಿನ ಭವಿಷ್ಯವನ್ನು ಇದಕ್ಕಿಂತ ಚೆನ್ನಾಗಿ ಹೇಳುತ್ತದೆ.

ಕಳೆದ ತಿಂಗಳು ವಾರ್ಡಿನ ಹೊರಗೆ ಶನಿವಾರಸಂತೆಯ ತಾಯಿಯೊಬ್ಬರು ಹೊಸದಾಗಿ ಬರೆದ ಔಷಧಿ ಚೀಟಿಯನ್ನು ಹಿಡಿದು ನಿಂತಿದ್ದರು. ನನ್ನ ತಮ್ಮ ತನ್ನ ಜೇಬಿನಿಂದ ಕೆಂಪು ಪೆನ್ನು ತೆಗೆದು, ಆ ಚೀಟಿಯ ಹಿಂಬದಿಗೆ ಕನ್ನಡದಲ್ಲಿಯೇ "ಎನ್‌ಯುಡಿಟಿ15" ಎಂದು ದಪ್ಪಗೆ ಬರೆದು, "ಮಾತ್ರೆ ಶುರು ಮಾಡುವ ಮುಂಚೆ ಇದನ್ನು ಡಾಕ್ಟರಿಗೆ ತೋರಿಸಿ ಕೇಳಿ ಅಕ್ಕಾ" ಎಂದ.